ಒಂದೇ ದಿನ ಎರಡು ಬಾರಿ ಕಳಚಿದ ಬೆಲ್ಟ್: ಕಟಾವು ಯಂತ್ರದ ರಬ್ಬರ್ ಬೆಲ್ಟಿನ ಬಿಗಿತ ಕುರಿತು ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಆಚೀಚೆ ಇನ್ನೂ ಭತ್ತ ಬೆಳೆಯುತ್ತಿರುವ ಬೈಲುಗಳಲ್ಲೊಂದರಲ್ಲಿ, ಏಣೆಲು (ಮಳೆಗಾಲದ ಬೆಳೆ) ಕೊಯ್ಲಿನ ಸಮಯದಲ್ಲಿ, ಬಾಡಿಗೆಗೆ ತರಿಸಿದ್ದ ಕಟಾವು ಯಂತ್ರದ ಎಡಬದಿಯ ರಬ್ಬರ್ ಬೆಲ್ಟ್ (ಈ ಯಂತ್ರ ನಡೆಯುವುದು ಟಯರುಗಳ ಬದಲು ಇಂಥ ಎರಡು ಬೆಲ್ಟುಗಳ ಮೇಲೆ) ಒಂದೇ ದಿನ ಎರಡು ಬಾರಿ ಕಳಚಿಕೊಂಡಿತು. ಮೊದಲ ಸಲ ಬೆಲ್ಟ್ ಸಡಿಲವಾಗಿತ್ತೆಂದು ಚಾಲಕನು ಅದನ್ನು ಚೆನ್ನಾಗಿ ಬಿಗಿದಿದ್ದನು. ಬಿಗಿದ ನಂತರ ಯಂತ್ರ ಭಾರವಾಗಿ ಎಳೆಯತೊಡಗಿತು, ಹಿಂದಿನ ಚಕ್ರದ ಗುಂಬ (ಚಕ್ರದ ನಡುಭಾಗ) ಕೈಯಿಟ್ಟರೆ ಸುಡುವಷ್ಟು ಕಾಯಿತು, ಮಧ್ಯಾಹ್ನದ ಹೊತ್ತಿಗೆ ಅದೇ ಬೆಲ್ಟ್ ಮತ್ತೊಮ್ಮೆ ಕಳಚಿತು. ಅತಿಯಾಗಿ ಬಿಗಿಯಾದ ಬೆಲ್ಟಿನ ಲಕ್ಷಣಗಳೂ ಅತಿಯಾಗಿ ಸಡಿಲವಾದ ಬೆಲ್ಟಿನ ಲಕ್ಷಣಗಳೂ ಒಂದೇ ಯಂತ್ರದಲ್ಲಿ, ಒಂದೇ ಬದಿಯಲ್ಲಿ, ನಡುವೆ ಯಾರೂ ಸ್ಪ್ಯಾನರ್ ಮುಟ್ಟದೆ, ಕೆಲವೇ ಗಂಟೆಗಳ ಅಂತರದಲ್ಲಿ ಕಾಣಿಸಿಕೊಂಡದ್ದು ಹೇಗೆ ಎಂಬುದು ಈ ಅಧ್ಯಯನದ ಪ್ರಶ್ನೆ. ಆ ಬೈಲಿನ ಪಾಡಶೇಖರ ಸಮಿತಿಯ (ಭತ್ತ ಬೆಳೆಗಾರರ ಸಮಿತಿಯ) ಯಂತ್ರಗಳ ದುರಸ್ತಿಯನ್ನು ನೋಡಿಕೊಳ್ಳುವವನಾದುದರಿಂದ ಎರಡನೆಯ ಬಾರಿ ಬೆಲ್ಟ್ ಕಳಚಿದಾಗ ನನ್ನನ್ನು ಕರೆಸಿದರು. ಅಂದು ಅಳೆದದ್ದನ್ನೂ ಅದರಿಂದ ತಿಳಿದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಗದ್ದೆ ಮತ್ತು ಯಂತ್ರ

ನಮ್ಮ ಕಡೆಯ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ಹೇಳುವ ರೂಢಿಯಿದೆ. ಗುಡ್ಡದ ಬದಿಯ ಬೆಟ್ಟುಗದ್ದೆಯಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಎಲ್ಲಕ್ಕಿಂತ ಕೆಳಗಿನ ಬೈಲಿನಲ್ಲಿ ಸುತ್ತಲಿನ ಗುಡ್ಡಗಳ ನೀರೂ ಮೆಕ್ಕಲೂ ಬಂದು ಸೇರುವುದರಿಂದ ಮಣ್ಣು ಅಂಟಾಗಿ, ಆಳವಾಗಿ, ಕೊಯ್ಲಿನ ಕಾಲಕ್ಕೂ ಮೆತ್ತಗೆ ಉಳಿದಿರುತ್ತದೆ. ಮುಂಗಾರಿನ ಆರಂಭದಲ್ಲಿ ನೇಜಿ ನೆಟ್ಟ ಏಣೆಲು ಬೆಳೆ ಮಾಗುವ ವೇಳೆಗೆ ಹಿಂಗಾರಿನ ಮಧ್ಯಾಹ್ನದ ಮಳೆ ಸುರುವಾಗುತ್ತದೆ. ಮಾಗಿದ ಪೈರು ಅಡ್ಡಬಿದ್ದು ಎರಡು ಮೂರು ದಿನ ನೀರಿನಲ್ಲಿ ನಿಂತರೆ ತೆನೆಯಲ್ಲಿಯೇ ಮೊಳಕೆ ಬರುತ್ತದೆ. ಆದುದರಿಂದ ಯಂತ್ರ ಅರ್ಧ ದಿನ ನಿಂತರೂ ಅದರ ನಷ್ಟ ಬಾಡಿಗೆಯ ಗಂಟೆಲೆಕ್ಕಕ್ಕೆ ಮಾತ್ರ ಸೀಮಿತವಾಗಿರುವುದಿಲ್ಲ. ಅಡಿಕೆಯ ಕಡೆಗೆ ಊರೇ ವಾಲಿರುವ ಈ ಕಾಲದಲ್ಲಿಯೂ ಭತ್ತವನ್ನು ಬಿಡದೆ ಬೆಳೆಯುತ್ತಿರುವ ಕೆಲವೇ ಮನೆಗಳವರಿಗೆ ಯಂತ್ರದ ತೊಂದರೆಯಿಂದ ಬೇಸರ ಬರಬಾರದೆಂಬ ಕಾಳಜಿ ನನಗೆ ಇದೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೂ ಒಂದು ಕಾರಣ.

ಟಯರಿನ ಕಟಾವು ಯಂತ್ರ ಇಂಥ ಬೈಲಿಗೆ ಇಳಿದರೆ ಹೂತುಹೋಗುತ್ತದೆ. ಬೆಲ್ಟಿನ ಯಂತ್ರ ಹೂಳುವುದಿಲ್ಲ, ಏಕೆಂದರೆ ಅದರ ಭಾರ ಅಗಲವಾದ ಜಾಗದ ಮೇಲೆ ಹರಡಿಕೊಳ್ಳುತ್ತದೆ. ಈ ಪ್ರಕರಣದ ಯಂತ್ರದ ಬೆಲ್ಟಿನ ಮೇಲೆ 400×90×47 ಎಂಬ ಗುರುತಿತ್ತು. ಬೆಲ್ಟಿನ ಅಗಲ 400 ಮಿಲಿಮೀಟರು, ಒಂದು ಕಬ್ಬಿಣದ ಗಟ್ಟಿಯಿಂದ ಇನ್ನೊಂದಕ್ಕೆ 90 ಮಿಲಿಮೀಟರು, ಅಂಥ ಗಟ್ಟಿಗಳು 47 ಎಂಬುದು ಅದರ ಅರ್ಥ; 90ನ್ನು 47ರಿಂದ ಗುಣಿಸಿದರೆ ಬೆಲ್ಟಿನ ಸುತ್ತಳತೆ 4230 ಮಿಲಿಮೀಟರು ಎಂದು ತಿಳಿಯುತ್ತದೆ. ನೆಲಕ್ಕೆ ತಾಗುವ ಉದ್ದ ಸುಮಾರು 1.4 ಮೀಟರು. ಎರಡೂ ಬೆಲ್ಟುಗಳು ಸೇರಿ ನೆಲವನ್ನು ಮುಟ್ಟುವ ಜಾಗ 1.12 ಚದರ ಮೀಟರು ಆಗುವುದರಿಂದ, 2800 ಕಿಲೋ ತೂಗುವ ಯಂತ್ರವು ಒಂದು ಚದರ ಸೆಂಟಿಮೀಟರಿನ ಮೇಲೆ ಹಾಕುವ ಭಾರ ಕಾಲು ಕಿಲೋ ಮಾತ್ರ. ಧಾನ್ಯದ ತೊಟ್ಟಿ ತುಂಬಿದಾಗ ಅದು ಇನ್ನಷ್ಟು ಹೆಚ್ಚುತ್ತದೆ.

ಬೆಲ್ಟ್ ಎಂದರೆ ಬರಿಯ ರಬ್ಬರಲ್ಲ. ಒಳಗೆ ಉದ್ದಕ್ಕೆ ಉಕ್ಕಿನ ತಂತಿಗಳ ಎಳೆಗಳಿರುತ್ತವೆ, ಅಡ್ಡಕ್ಕೆ ಕಬ್ಬಿಣದ ಗಟ್ಟಿಗಳಿರುತ್ತವೆ. ಮುಂಭಾಗದಲ್ಲಿರುವ ಸ್ಪ್ರಾಕೆಟಿನ ಹಲ್ಲುಗಳು ಈ ಗಟ್ಟಿಗಳನ್ನು ಹಿಡಿದು ಬೆಲ್ಟನ್ನು ಎಳೆಯುತ್ತವೆ. ಕೆಳಗಿನ ರೋಲರುಗಳು ಯಂತ್ರದ ಭಾರವನ್ನು ಬೆಲ್ಟಿನ ಮೇಲೆ ಹೊರಿಸುತ್ತವೆ. ಹಿಂದಿನ ಐಡ್ಲರ್ ಚಕ್ರವು ಬೆಲ್ಟನ್ನು ಮತ್ತೆ ಮುಂದಕ್ಕೆ ತಿರುಗಿಸಿ ಕಳುಹಿಸುತ್ತದೆ. ಬಿಗಿತವನ್ನು ಹೊಂದಿಸುವ ಬೋಲ್ಟ್ ಇರುವುದು ಈ ಐಡ್ಲರ್ ಚಕ್ರದ ಬಳಿ. ಬೋಲ್ಟನ್ನು ತಿರುಗಿಸಿದರೆ ಐಡ್ಲರ್ ಹಿಂದಕ್ಕೆ ಸರಿದು ಬೆಲ್ಟ್ ಬಿಗಿಯಾಗುತ್ತದೆ. ಯಂತ್ರ ಮುಂದಕ್ಕೆ ಹೋಗುವಾಗ ಸ್ಪ್ರಾಕೆಟ್ ಮೇಲಿನ ಪಟ್ಟಿಯನ್ನು ತನ್ನತ್ತ ಎಳೆಯುವುದರಿಂದ ಆ ಎಳೆತವೆಲ್ಲ ಐಡ್ಲರನ್ನು ಸುತ್ತಿಕೊಂಡೇ ಬರಬೇಕು. ಕೆಸರಿನಲ್ಲಿ ಯಂತ್ರ ತಿಣುಕಿದಷ್ಟೂ ಆ ಚಕ್ರದ ಬೇರಿಂಗಿಗೂ ಬೋಲ್ಟಿಗೂ ಭಾರ ಹೆಚ್ಚುತ್ತದೆ.

ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿಯೂ ಜೋಡಣೆ ಇದೇ: ಎಳೆಯುವ ಹಲ್ಲುಚಕ್ರ ಮುಂದೆ, ಬಿಗಿಯುವ ಬೋಲ್ಟುಗಳು ಹಿಂದಿನ ಚಕ್ರದಲ್ಲಿ. ಕೆನಡಾದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1937ರಲ್ಲಿ ತನ್ನ ಹಲ್ಲುಚಕ್ರ ಮತ್ತು ಪಟ್ಟಿಯ ಜೋಡಣೆಗೆ ಪೇಟೆಂಟ್ ಪಡೆದಂದಿನಿಂದ ಈ ತತ್ತ್ವ ಹೆಚ್ಚು ಬದಲಾಗಿಲ್ಲ. ಅಲ್ಲಿ ಬಿಗಿತವನ್ನು ನೋಡುವ ಕ್ರಮ ಮಾತ್ರ ನಮ್ಮಲ್ಲಿಗಿಂತ ಶಿಸ್ತಿನದು. ವಾಹನದ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಪಟ್ಟಿಯ ಕೆಳಗಿನ ನಡುಭಾಗಕ್ಕೆ ಸುಮಾರು 7 ಕಿಲೋ ತೂಕವನ್ನು ತೂಗಹಾಕಿ, ಪಟ್ಟಿ ಎಷ್ಟು ಜಗ್ಗಿತು ಎಂದು ಅಳೆಯುತ್ತಾರೆ. ಅನೇಕ ಮಾದರಿಗಳಲ್ಲಿ ಅದು 30ರಿಂದ 35 ಮಿಲಿಮೀಟರಿನೊಳಗಿರಬೇಕು. ನಂತರ ಎಂಜಿನನ್ನು ನಿಧಾನವಾಗಿ ನಡೆಸಿ, ಪಟ್ಟಿ ಎರಡೂ ಬದಿಗೆ ಸಮನಾಗಿ ಓಡುತ್ತದೆಯೇ ಎಂದು ನೋಡಿ, ಮತ್ತೊಮ್ಮೆ ಅಳೆಯುತ್ತಾರೆ. ನಮ್ಮ ಕಟಾವು ಯಂತ್ರದ ಬೆಲ್ಟ್ ತನ್ನ ತೂಕದಿಂದಲೇ ಜಗ್ಗುವಷ್ಟು ಭಾರವಿರುವುದರಿಂದ ತೂಕ ತೂಗಹಾಕುವ ಅಗತ್ಯವಿಲ್ಲ. ಯಂತ್ರವನ್ನು ಜಾಕಿಯಿಂದ ಎತ್ತಿ, ನಡುವಿನ ರೋಲರಿನ ತಳಕ್ಕೂ ಬೆಲ್ಟಿನ ಒಳಮೈಗೂ ಇರುವ ಅಂತರವನ್ನು ನೋಡಿದರೆ ಸಾಕು. ಈ ಯಂತ್ರದ ಕೈಪಿಡಿಯ ಪ್ರಕಾರ ಅದು 10ರಿಂದ 15 ಮಿಲಿಮೀಟರು.

ಆ ದಿನ ನಡೆದದ್ದು

ಯಂತ್ರವನ್ನು ನಡೆಸುತ್ತಿದ್ದವನು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ತಾಳವಾಡಿಯ ಕಡೆಯ ಕನ್ನಡಿಗ ಯುವಕ. ಕೆಲಸದಲ್ಲಿ ಚುರುಕು, ಯಂತ್ರದ ಮೇಲೆ ಮಮತೆಯುಳ್ಳವನು. ಯಂತ್ರ ಹಿಂದಿನ ರಾತ್ರಿ ಲಾರಿಯಲ್ಲಿ ಬಂದಿತ್ತು, ದಾರಿಯುದ್ದಕ್ಕೂ ಮಳೆಯಿತ್ತು. ಬೆಳಿಗ್ಗೆ ಮುರಕಲ್ಲಿನ (ಜಂಬಿಟ್ಟಿಗೆಯ) ದಾರಿಯಿಂದ ಬೈಲಿಗೆ ಇಳಿದು, ಮೊದಲ ಗದ್ದೆಯನ್ನು ಒಂದು ಸುತ್ತು ಕೊಯ್ಯುವಷ್ಟರಲ್ಲಿ, ಮೂಲೆಯಲ್ಲಿ ಎಡಕ್ಕೆ ತಿರುಗುವಾಗ ಎಡಬೆಲ್ಟ್ ಐಡ್ಲರಿನಿಂದ ಹೊರಕ್ಕೆ ಜಾರಿತು. ಚಾಲಕನೂ ಅವನ ಸಹಾಯಕನೂ ಸೇರಿ ಬೋಲ್ಟನ್ನು ಪೂರ್ತಿ ಸಡಿಲಿಸಿ, ಹಾರೆಗೋಲಿನಿಂದ ಮೀಟಿ ಬೆಲ್ಟನ್ನು ಮತ್ತೆ ಕೂರಿಸಿ, ಮೇಲಿನ ಪಟ್ಟಿಯನ್ನು ಕಾಲಿನಿಂದ ತುಳಿದರೆ ಅಲುಗದಷ್ಟು ಬಿಗಿದರು. ಯಂತ್ರವನ್ನು ಆಗ ಎತ್ತಿರಲಿಲ್ಲ, ಕೆಸರನ್ನೂ ತೆಗೆದಿರಲಿಲ್ಲ.

ಅನಂತರ ಮೂರು ಗದ್ದೆಗಳ ಕೊಯ್ಲು ತೊಂದರೆಯಿಲ್ಲದೆ ಸಾಗಿತಾದರೂ ಯಂತ್ರ ಎಡಕ್ಕೆ ಎಳೆಯುತ್ತಿದೆ, ಎಂಜಿನ್ ಭಾರಕ್ಕೆ ಅಡಗುತ್ತಿದೆ ಎಂದು ಚಾಲಕನಿಗೆ ಅನ್ನಿಸಿತ್ತು. ಚಹಾಕ್ಕೆ ನಿಲ್ಲಿಸಿದಾಗ ಸಹಾಯಕನು ಎಡ ಐಡ್ಲರಿನ ಗುಂಬವನ್ನು ಮುಟ್ಟಿ ಕೈ ಹಿಂದೆಗೆದನಂತೆ. ಬಿಸಿ ಆರಲೆಂದು ಸ್ವಲ್ಪ ಹೊತ್ತು ಕಾದು, ಆಚೆಯ ಗದ್ದೆಗೆ ಹೋಗಲು ನಡುವಿನ ತೋಡನ್ನು (ಸಣ್ಣ ಹಳ್ಳವನ್ನು) ದಾಟಿದರು. ತೋಡಿನಲ್ಲಿ ಮೊಣಕಾಲು ಮುಳುಗುವಷ್ಟು ಹರಿಯುವ ನೀರಿತ್ತು. ದಾಟಿ, ಮೊದಲ ಮೂಲೆಯಲ್ಲಿ ಹುಣಿಗೆ (ಗದ್ದೆಯ ಬದುವಿಗೆ) ಒತ್ತಿಕೊಂಡು ಎಡಕ್ಕೆ ತಿರುಗಿಸಿದೊಡನೆ ಬೆಲ್ಟ್ ಎರಡನೆಯ ಬಾರಿ ಕಳಚಿತು.

ನಾನು ತಲಪಿದಾಗ ಅವರು ಬೆಲ್ಟನ್ನು ಮತ್ತೆ ಕೂರಿಸಿದ್ದರು. ಕೂರಿಸಲು ಬೋಲ್ಟನ್ನು ಸಡಿಲಿಸುವ ಮೊದಲು ಅದು ಎಲ್ಲಿತ್ತೆಂದು ಚಾಲಕನು ಬಳಪದಿಂದ ಗುರುತು ಹಾಕಿ, ಬೆಲ್ಟ್ ಕೂತ ಮೇಲೆ ಬೋಲ್ಟನ್ನು ಅದೇ ಗುರುತಿಗೆ ತಂದು ನಿಲ್ಲಿಸಿದ್ದನು. ಈ ಜಾಣ್ಮೆ ಇಲ್ಲದೆ ಹೋಗಿದ್ದರೆ ಮುಂದಿನ ಅಳತೆಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಗುರುತು ತಪ್ಪಿದೆಯೇ ಎಂದು ನೋಡಲು ಮಾತ್ರ ಅವರು ಆ ಗದ್ದೆಯ ಕೆಸರಿನಲ್ಲೇ ಯಂತ್ರವನ್ನು ಸ್ವಲ್ಪ ದೂರ ನಡೆಸಿದ್ದರು. “ಬಿಗಿ ಮಾಡಿವ್ನಿ ಕಣಣ್ಣ, ಕಾಲಲ್ಲಿ ತುಳುದ್ರೂ ಅಲ್ಲಾಡಲ್ಲ. ಆದ್ರೂ ಕಳ್ಚ್ಕತದೆ, ಇನ್ನೂ ಅರ್ಧ ಸುತ್ತು ಬಿಗಿಯದಾ?” ಎಂದು ಕೇಳಿದನು. ಸಹಾಯಕನು ಅಷ್ಟರಲ್ಲಿ ಪಂಪಿನ ಪೈಪು ಎಳೆದು ತೊಳೆಯಲು ಬಂದನು. “ತಡಿ ತಮ್ಮಾ, ತೊಳೆಯುವ ಮೊದಲು ಒಮ್ಮೆ ಅಳೆದು ನೋಡುವ” ಎಂದೆ.

ಅಳತೆ

ಮೆತ್ತನೆಯ ಗದ್ದೆಯಲ್ಲಿ ಜಾಕಿ ಇಟ್ಟರೆ ಯಂತ್ರ ಏಳುವುದಿಲ್ಲ, ಜಾಕಿಯೇ ಇಳಿಯುತ್ತದೆ. ಆದುದರಿಂದ ಯಂತ್ರವನ್ನು ಹುಣಿಯ ಪಕ್ಕದ ಗಟ್ಟಿ ಜಾಗಕ್ಕೆ ತಂದು, ಕೊಯ್ಯುವ ಮುಂಭಾಗವನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದಿಟ್ಟುಕೊಂಡೆವು. ಜಾಕಿಯ ಅಡಿಗೆ ದಪ್ಪ ಹಲಗೆಗಳನ್ನು ಹಾಕಿ ಎಡಬದಿಯನ್ನು ಎತ್ತಿದೆವು, ಎತ್ತಿದ ಮೇಲೆ ಚೌಕಟ್ಟಿನ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟೆವು. ಜಾಕಿಯೊಂದನ್ನೇ ನಂಬಿ ಬೆಲ್ಟಿನ ಬಳಿ ಕೈಯಿಡುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಇಷ್ಟು ಭಾರದ ಯಂತ್ರದಡಿಯಲ್ಲಿ ಅದು ಜೀವಕ್ಕೆ ಅಪಾಯ.

ಕೆಸರು ಇದ್ದಂತೆಯೇ ಅಳೆದಾಗ ಎಡಬದಿಯಲ್ಲಿ ಅಂತರ 6 ಮಿಲಿಮೀಟರು ಇತ್ತು. ಬಲಬದಿಯನ್ನೂ ಹಾಗೆಯೇ ಎತ್ತಿ ಅಳೆದಾಗ 13 ಬಂತು. ಕೈಪಿಡಿಯ ಲೆಕ್ಕಕ್ಕೆ ಬಲಬದಿ ಸರಿಯಾಗಿದೆ, ಎಡಬದಿ ಬೇಕಾದುದಕ್ಕಿಂತ ಬಿಗಿಯಾಗಿದೆ. ಕಳಚಿದ್ದು ಬಿಗಿಯಾಗಿದ್ದ ಬದಿಯೇ. ಅನಂತರ ಪೈಪಿನಿಂದ ಎರಡೂ ಬದಿಯನ್ನು ತೊಳೆದು, ಸ್ಪ್ರಾಕೆಟಿನ ಹಲ್ಲುಗಳ ನಡುವೆ, ಐಡ್ಲರಿನ ಮೈಯಲ್ಲಿ, ರೋಲರುಗಳ ಕಂಠದಲ್ಲಿ ಅಡಗಿದ್ದ ಕೆಸರನ್ನೂ ಬೈಹುಲ್ಲನ್ನೂ ಕೊಕ್ಕೆಯಿಂದ ಬಿಡಿಸಿ ತೆಗೆದೆವು. ಬೆಲ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಮತ್ತೆ ಅಳೆದಾಗ ಬಲಬದಿಯ ಅಂತರ 17 ಆಗಿತ್ತು. ಎಡಬದಿಯ ಅಂತರ 38.

ಬೋಲ್ಟ್ ಒಂದು ಎಳೆಯಷ್ಟೂ ಅಲುಗಿರಲಿಲ್ಲ. ತೊಳೆದ ನೀರು ಮಾತ್ರ 6ನ್ನು 38 ಮಾಡಿತ್ತು. ಚಾಲಕನು ನಂಬದೆ ತಾನೇ ಪಟ್ಟಿಯನ್ನು ಹಿಡಿದು ಇನ್ನೊಮ್ಮೆ ಅಳೆದನು, ಅದೇ ಬಂತು.

ಇಷ್ಟು ದೊಡ್ಡ ವ್ಯತ್ಯಾಸ ಹೇಗೆ ಸಾಧ್ಯ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು, ಏಕೆಂದರೆ ಈ ಪ್ರಕರಣದ ತಿರುಳು ಅಲ್ಲಿಯೇ ಇದೆ. ಎರಡು ಕಂಬಗಳ ನಡುವೆ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗದ ತುದಿಯನ್ನು ತುಸು ಎಳೆದರೆ ನಡುಭಾಗ ಎಷ್ಟೋ ಮೇಲಕ್ಕೆ ಬರುವುದನ್ನು ಎಲ್ಲರೂ ಕಂಡಿದ್ದೇವೆ. ಜಗ್ಗುವ ಪಟ್ಟಿಯಲ್ಲಿ ಉದ್ದದ ಸಣ್ಣ ಬದಲಾವಣೆ ಜಗ್ಗಿನಲ್ಲಿ ಹತ್ತಾರು ಪಾಲು ದೊಡ್ಡದಾಗಿ ಕಾಣುತ್ತದೆ. 1.4 ಮೀಟರು ಅಂತರದಲ್ಲಿ ತೂಗುವ ಪಟ್ಟಿ ನಡುವೆ 38 ಮಿಲಿಮೀಟರು ಜಗ್ಗಬೇಕಾದರೆ ಅದರ ಉದ್ದ ನೇರ ಗೆರೆಗಿಂತ 2.75 ಮಿಲಿಮೀಟರು ಹೆಚ್ಚಿದ್ದರೆ ಸಾಕು. 12 ಮಿಲಿಮೀಟರು ಜಗ್ಗಲು ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು ಸಾಕು. 6 ಮಿಲಿಮೀಟರಿಗೆ ಒಂದು ಮಿಲಿಮೀಟರಿನ ಹದಿನೈದನೆಯ ಒಂದು ಪಾಲೂ ಸಾಕು. ರಬ್ಬರ್ ಬೆಲ್ಟ್ ಹಗ್ಗದಷ್ಟು ಬಳುಕುವುದಿಲ್ಲ, ಮೇಲಿನ ಪಟ್ಟಿಯೂ ಒಂದಿಷ್ಟು ಸಡಿಲವನ್ನು ತಾನು ಹೀರಿಕೊಳ್ಳುತ್ತದೆ. ಆದುದರಿಂದ ಇದು ಅಂದಾಜಿನ ಲೆಕ್ಕ. ಆದರೆ 6ಕ್ಕೂ 38ಕ್ಕೂ ನಡುವೆ ಬೆಲ್ಟಿನ ಉದ್ದದಲ್ಲಿ ಇರುವ ವ್ಯತ್ಯಾಸ ಎರಡು ಮೂರು ಮಿಲಿಮೀಟರು ಮಾತ್ರ ಎಂಬುದರಲ್ಲಿ ಸಂದೇಹವಿಲ್ಲ.

ಆ ಎರಡು ಮೂರು ಮಿಲಿಮೀಟರನ್ನು ನುಂಗಲು ಎಷ್ಟು ಕೆಸರು ಬೇಕು? ಬೆಲ್ಟ್ ಐಡ್ಲರ್ ಚಕ್ರವನ್ನು ಅರ್ಧ ಸುತ್ತು ಅಪ್ಪಿಕೊಂಡಿರುತ್ತದೆ. ಚಕ್ರದ ಮೈಗೆ ಒಂದು ಮಿಲಿಮೀಟರು ದಪ್ಪದ ಪದರ ಅಂಟಿಕೊಂಡರೆ ಬೆಲ್ಟ್ ಹೋಗಬೇಕಾದ ದಾರಿ 3 ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಬೈಲಿನ ಅಂಟುಮಣ್ಣಿಗೆ ಬೈಹುಲ್ಲಿನ ಎಳೆಗಳು ಸೇರಿ, ಬೆಲ್ಟಿನ ಒತ್ತಡಕ್ಕೆ ಸಿಕ್ಕಿ ಹಪ್ಪಳಿಸಿದ ಪದರ ಹಸಿಯಿದ್ದಾಗಲೇ ಗಟ್ಟಿಯಾಗಿರುತ್ತದೆ. ಎಡ ಐಡ್ಲರಿನಿಂದ ನಾನು ಕೊಕ್ಕೆಯಲ್ಲಿ ಎಬ್ಬಿಸಿದ ತುಂಡು ಚಕ್ರದ ಬಾಗನ್ನೇ ಪಡೆದುಕೊಂಡು ಹೆಂಚಿನ ಚೂರಿನಂತೆ ಇಡಿಯಾಗಿ ಕೈಗೆ ಬಂತು. ಅದರೊಳಗೆ ಹುಲ್ಲಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು, ಒಂದು ಅಂಚಿನಲ್ಲಿ ಮುರಕಲ್ಲಿನ ಹರಳು ಸಿಕ್ಕಿಕೊಂಡಿತ್ತು.

ಬೋಲ್ಟಿನ ಲೆಕ್ಕವನ್ನೂ ಇಲ್ಲಿಯೇ ಹೇಳುತ್ತೇನೆ. 20 ಮಿಲಿಮೀಟರು ದಪ್ಪದ ಸಾಮಾನ್ಯ ಬೋಲ್ಟಿನ ಒಂದು ಸುತ್ತಿಗೆ ಐಡ್ಲರ್ 2.5 ಮಿಲಿಮೀಟರು ಸರಿಯುತ್ತದೆ. ಐಡ್ಲರ್ ಸರಿದಷ್ಟು ಮೇಲಿನ ಪಟ್ಟಿಯೂ ಕೆಳಗಿನ ಪಟ್ಟಿಯೂ ಎರಡೂ ಎಳೆಯಲ್ಪಡುವುದರಿಂದ ಬೆಲ್ಟಿನ ಸಡಿಲ ಅದರ ಎರಡರಷ್ಟು, ಎಂದರೆ 5 ಮಿಲಿಮೀಟರು ಕಡಮೆಯಾಗುತ್ತದೆ. 38 ಮಿಲಿಮೀಟರು ಜಗ್ಗಿದ ಬೆಲ್ಟನ್ನು 12ಕ್ಕೆ ತರಲು ಅರ್ಧ ಸುತ್ತು ಸಾಕು. ಚಾಲಕನು ಕೆಸರಿದ್ದಾಗಲೇ ಇನ್ನೂ ಅರ್ಧ ಸುತ್ತು ಬಿಗಿದಿದ್ದರೆ ಬೆಲ್ಟಿನೊಳಗಿನ ಉಕ್ಕಿನ ಎಳೆಗಳು ಹಿಗ್ಗಲಾರದೆ ಆ ಭಾರವೆಲ್ಲ ಬೇರಿಂಗುಗಳ ಮೇಲೆ ಬೀಳುತ್ತಿತ್ತು. ಒಂದೊಂದು ಸುತ್ತು ತಿರುಗಿಸಿ ನೋಡುವುದು ಈ ಕೆಲಸದಲ್ಲಿ ತೀರ ಒರಟಾಯಿತು. ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಅಳೆಯಬೇಕು.

ಕಾರಣ

ಈಗ ದಿನದ ಘಟನೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಯಂತ್ರ ಹಿಂದೆ ಕೆಲಸ ಮಾಡಿದ ಕಡೆ ಬೆಲ್ಟನ್ನು ಕೆಸರು ಕಟ್ಟಿದ ಸ್ಥಿತಿಯಲ್ಲಿ ಹೊಂದಿಸಿದ್ದಿರಬೇಕು. ಲಾರಿಯ ಮೇಲೆ ರಾತ್ರಿಯೆಲ್ಲ ಮಳೆ ಬಿದ್ದು ಕೆಸರು ಕರಗಿದಾಗ ಸಡಿಲ ಹೊರಬಿತ್ತು, ಬೆಳಿಗ್ಗೆ ಮೊದಲ ತಿರುವಿನಲ್ಲಿಯೇ ಬೆಲ್ಟ್ ಜಾರಿತು. ಮತ್ತೆ ಕೂರಿಸುವಾಗ ಹಾರೆಗೋಲು ಹಾಕಿದ ಜಾಗದಲ್ಲಿ ಹೊಸ ಕೆಸರು ತುಂಬಿತ್ತು. ಅದರ ಮೇಲೆಯೇ ಬಿಗಿದದ್ದರಿಂದ ಕಾಲಿಗೆ ಗಟ್ಟಿಯಾಗಿ ಕಂಡಿತು. ಕೊಯ್ಯುತ್ತ ಹೋದಂತೆ ಕೆಸರಿನ ಪದರ ದಪ್ಪವಾಗಿ ಬೆಲ್ಟ್ ಇನ್ನಷ್ಟು ಬಿಗಿದುಕೊಂಡಿತು, ಗುಂಬ ಕಾಯಿತು, ಎಂಜಿನ್ ಅಡಗಿತು. ತೋಡಿನ ಹರಿಯುವ ನೀರು ಆ ಪದರವನ್ನು ಕೆಲವೇ ನಿಮಿಷಗಳಲ್ಲಿ ತೊಳೆದುಹಾಕಿತು. ಆಚೆ ದಡದ ಮೊದಲ ಮೂಲೆಗೆ ಬರುವಾಗ ಬೆಲ್ಟಿನಲ್ಲಿ ಇದ್ದದ್ದು ಬೋಲ್ಟ್ ಕೊಟ್ಟಿದ್ದ ನಿಜವಾದ ಸಡಿಲ. ಕಳಚಿದ ಮೇಲೆ ಅದೇ ಗುರುತಿಗೆ ಬೋಲ್ಟನ್ನು ತಂದು ಕೆಸರಿನಲ್ಲಿ ಮತ್ತೆ ನಡೆಸಿದ್ದರಿಂದ ನನ್ನ ಮೊದಲ ಅಳತೆಯಲ್ಲಿ ಪುನಃ 6 ಬಂತು.

ಎರಡೂ ಸಲ ಎಡಬದಿಯೇ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಐಡ್ಲರ್ ಚಕ್ರದ ಮೈಗೆ ಅಂಟುವ ಕೆಸರನ್ನು ಕೆರೆದು ಉದುರಿಸಲು ಚೌಕಟ್ಟಿಗೆ ಒಂದು ಗಟ್ಟಿ ತಗಡನ್ನು ಕೂರಿಸಿರುತ್ತಾರೆ. ಬಲಬದಿಯ ತಗಡು ಚಕ್ರದಿಂದ ಕೆಲವು ಮಿಲಿಮೀಟರು ದೂರದಲ್ಲಿ ನೆಟ್ಟಗಿತ್ತು. ಎಡಬದಿಯದು, ಹಿಂದೆಂದೋ ಕಲ್ಲಿಗೆ ತಾಗಿರಬೇಕು, ಹೊರಕ್ಕೆ ಬಾಗಿ ಎರಡು ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡಿತ್ತು. ಅಲ್ಲದೆ ಚಾಲಕನು ಪೈರನ್ನು ಎಡಕ್ಕಿಟ್ಟುಕೊಂಡು ಸುತ್ತು ಬರುತ್ತಿದ್ದುದರಿಂದ ತಿರುವುಗಳೆಲ್ಲ ಎಡಕ್ಕೇ ಆಗುತ್ತಿದ್ದವು. ಎಡಕ್ಕೆ ತಿರುಗುವಾಗ ಎಡಬೆಲ್ಟ್ ನಿಂತು ಅಥವಾ ನಿಧಾನವಾಗಿ, ಬಲಬೆಲ್ಟ್ ಓಡಿ, ಯಂತ್ರ ಎಡಬೆಲ್ಟಿನ ಮೇಲೆ ಗಿರಕಿ ಹೊಡೆಯುತ್ತದೆ. ಆ ಬೆಲ್ಟ್ ಪಕ್ಕಕ್ಕೆ ಜಾರುತ್ತ ಕೆಸರನ್ನು ತನ್ನ ಒಳಗೇ ತುರುಕಿಕೊಳ್ಳುತ್ತದೆ. ನಮ್ಮ ಬೈಲುಗಳಲ್ಲಿ ಗದ್ದೆಗಳು ಚಿಕ್ಕವು, ಹುಣಿಗಳು ಹತ್ತಿರ ಹತ್ತಿರ. ಅಗಲವಾದ ಬಯಲಿನ ಊರಲ್ಲಿ ಒಂದು ತಿರುವು ಬರುವಷ್ಟರಲ್ಲಿ ಇಲ್ಲಿ ನಾಲ್ಕು ತಿರುವುಗಳು ಬಂದಿರುತ್ತವೆ. ಸಡಿಲವಾದ ಬೆಲ್ಟ್ ನೇರ ದಾರಿಯಲ್ಲಿ ಬಹಳ ಹೊತ್ತು ಓಡಬಲ್ಲುದು. ಪಕ್ಕದಿಂದ ಹುಣಿ ಒತ್ತಿದಾಗ ಅದು ನಿಲ್ಲುವುದಿಲ್ಲ.

ಬೆಲ್ಟ್ ಹಳತಾಗಿ ಹಿಗ್ಗಿದೆ ಎಂದು ಅಲ್ಲಿದ್ದ ಕೆಲವರು ಹೇಳಿದರು. ಈ ವಾದವನ್ನು ನಾನು ಒಪ್ಪಲಿಲ್ಲ. ಬಲಬದಿಯ ಬೆಲ್ಟೂ ಅಷ್ಟೇ ಹಳತು, ಎರಡೂ ಬದಿಯ ಬೋಲ್ಟುಗಳಲ್ಲಿ ಇನ್ನೂ ಬೇಕಾದಷ್ಟು ಉದ್ದ ಉಳಿದಿತ್ತು, ಸ್ಪ್ರಾಕೆಟಿನ ಹಲ್ಲುಗಳು ಕೊಕ್ಕೆಯಂತೆ ಸವೆದಿರಲಿಲ್ಲ. ಹೊಸ ಬೆಲ್ಟ್ ಹಾಕಿದ್ದರೂ ಆ ಬಾಗಿದ ತಗಡು ಅದೇ ಕೆಲಸವನ್ನು ಮಾಡುತ್ತಿತ್ತು.

ಸರಿಪಡಿಸಿದ ಬಗೆ

ತಗಡನ್ನು ಬಿಚ್ಚಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನೆಟ್ಟಗೆ ಮಾಡಿ, ಬಲಬದಿಯದರ ಅಂತರಕ್ಕೆ ಹೊಂದಿಸಿ ಕೂರಿಸಿದೆವು. ಬಿಗಿತವನ್ನು ಎಷ್ಟಕ್ಕೆ ನಿಲ್ಲಿಸಬೇಕೆಂಬ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಕೈಪಿಡಿ ಕೊಟ್ಟಿರುವ 10 ಮತ್ತು 15ರ ನಡುವಿನ ಅಂಕಿಯನ್ನು ಹಿಡಿಯುವುದು ಸಹಜ. ಆದರೆ ತಗಡು ಸರಿಯಾಗಿದ್ದರೂ ಬೈಲಿನ ಕೆಸರು ಅಷ್ಟಿಷ್ಟು ಅಂಟಿಯೇ ತೀರುತ್ತದೆ, ಅಂಟಿದಷ್ಟೂ ಬೆಲ್ಟ್ ಬಿಗಿಯುತ್ತದೆ. ಆದುದರಿಂದ ತೊಳೆದ ಸ್ಥಿತಿಯಲ್ಲಿ 15ಕ್ಕೆ ನಿಲ್ಲಿಸಿ, ಕೆಲಸದಲ್ಲಿ ಅದು ಎಷ್ಟಕ್ಕೆ ಇಳಿಯುತ್ತದೆಂದು ನೋಡುವುದೆಂದು ನಿರ್ಧರಿಸಿದೆ. ಗಟ್ಟಿ ನೆಲದ ಕೆಲಸಕ್ಕಾಗಿದ್ದರೆ 12ನ್ನೇ ಆರಿಸುತ್ತಿದ್ದೆ.

ಲಾಕ್ ನಟ್ಟನ್ನು ಸಡಿಲಿಸಿ, ಬೋಲ್ಟನ್ನು ಕಾಲು ಸುತ್ತು ತಿರುಗಿಸಿ ಅಳೆದು, ಮತ್ತೆ ತುಸು ತಿರುಗಿಸಿ 15ಕ್ಕೆ ತಂದೆವು. ದಿಮ್ಮಿಗಳ ಮೇಲೆಯೇ ಎಂಜಿನನ್ನು ನಿಧಾನವಾಗಿ ನಡೆಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಬೆಲ್ಟನ್ನು ಮುಂದಕ್ಕೂ ಹಿಂದಕ್ಕೂ ಕೆಲವು ಸುತ್ತು ತಿರುಗಿಸಿ ನಿಲ್ಲಿಸಿದ ಮೇಲೆ ಅಂತರ 19 ಆಗಿತ್ತು. ಇದು ಎಲ್ಲ ಕಡೆಯೂ ಆಗುವಂಥದೇ: ಹಲ್ಲು ಗಟ್ಟಿಗಳ ನಡುವೆ ಬೆಲ್ಟ್ ತನ್ನ ಜಾಗದಲ್ಲಿ ಕೂರುವವರೆಗೆ ಮೊದಲ ಅಳತೆ ನೆಚ್ಚಿಕೆಗೆ ತಕ್ಕದ್ದಲ್ಲ. ಮತ್ತೊಮ್ಮೆ ಹೊಂದಿಸಿ, ತಿರುಗಿಸಿ, ಅಳೆದಾಗ 15ರಲ್ಲಿಯೇ ನಿಂತಿತು. ಬಲಬದಿಯ 17ನ್ನೂ 15ಕ್ಕೆ ತಂದೆವು, ಏಕೆಂದರೆ ಎರಡೂ ಬದಿ ಒಂದೇ ಸಮ ಇಲ್ಲದಿದ್ದರೆ ಯಂತ್ರ ಬಿಗಿಯಾದ ಬದಿಗೆ ಎಳೆಯುತ್ತದೆ, ಚಾಲಕನು ಗೊತ್ತಿಲ್ಲದೆಯೇ ಅದನ್ನು ತಿದ್ದುತ್ತ ಇನ್ನೊಂದು ಬದಿಯನ್ನು ಸವೆಸುತ್ತಾನೆ. ಕೊನೆಯಲ್ಲಿ ಬೋಲ್ಟನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು ಇನ್ನೊಂದರಿಂದ ಲಾಕ್ ನಟ್ಟನ್ನು ಬಿಗಿದೆವು. ನಟ್ಟನ್ನು ಬಿಗಿಯುವಾಗ ಬೋಲ್ಟೂ ಜತೆಗೆ ತಿರುಗಿದರೆ ಇಷ್ಟು ಹೊತ್ತಿನ ಶ್ರಮ ವ್ಯರ್ಥ.

ಬೋಲ್ಟಿನ ಬದಲು ಗ್ರೀಸ್ ತುಂಬಿ ಬಿಗಿಯುವ ಯಂತ್ರಗಳೂ ಇವೆ. ಅವುಗಳಲ್ಲಿ ಸಡಿಲಿಸುವ ವಾಲ್ವನ್ನು ಒಮ್ಮೆಲೇ ತೆರೆಯಬಾರದು, ಎದುರಿಗೆ ಮುಖವಿಟ್ಟು ನೋಡಲೂ ಬಾರದು. ಒಳಗಿನ ಒತ್ತಡಕ್ಕೆ ಗ್ರೀಸ್ ಚರ್ಮವನ್ನು ಸೀಳುವ ಬಿರುಸಿನಿಂದ ಚಿಮ್ಮಬಲ್ಲುದು.

ಯಂತ್ರ ಗದ್ದೆಗೆ ಇಳಿಯುವ ಮೊದಲು ತಿರುವಿನ ವಿಷಯವನ್ನೂ ಮಾತಾಡಿಕೊಂಡೆವು. ಹುಣಿಗೆ ಒತ್ತಿ ಒಂದೇ ಬೆಲ್ಟಿನ ಮೇಲೆ ಗಿರಕಿ ಹೊಡೆಯುವ ಬದಲು, ಸ್ವಲ್ಪ ಮುಂದೆ ಹೋಗಿ, ಹಿಂದೆ ಸರಿದು, ಎರಡು ಮೂರು ಸಲದಲ್ಲಿ ತಿರುಗಬೇಕೆಂದು ಚಾಲಕನಿಗೆ ಹೇಳಿದೆ. ಹಾಗೆ ಮಾಡಲು ಮೂಲೆಯಲ್ಲಿ ಜಾಗ ಬೇಕು, ಜಾಗಕ್ಕಾಗಿ ಪೈರನ್ನು ತುಳಿಯಲಾಗದು ಎಂದು ಅವನು ಸರಿಯಾಗಿಯೇ ಹೇಳಿದನು. ಗದ್ದೆಯ ಮನೆಯ ಹಿರಿಯ ಹೆಂಗಸು ಹುಣಿಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. “ಅಕ್ಕಾ, ಮೂಲೆಗಳನ್ನು ಮಾತ್ರ ಮೊದಲೇ ಕೊಯ್ದು ಕೊಟ್ಟರೆ ಆದೀತಾ?” ಎಂದು ಕೇಳಿದೆ. “ಅದಕ್ಕೇನು, ಈಗಲೇ ಕತ್ತಿ ತರ್ತೇವೆ. ಮೊದಲೇ ಹೇಳಿದ್ರೆ ನಿನ್ನೆ ಸಂಜೆಯೇ ಕೊಯ್ದು ಇಡ್ತಿದ್ದೆವು” ಎಂದರು. ಒಂದೊಂದು ಮೂಲೆಯಲ್ಲಿ ಒಂದು ಕೋಣೆಯಷ್ಟು ಜಾಗವನ್ನು ಕೈಯಲ್ಲಿ ಕೊಯ್ದುಕೊಟ್ಟದ್ದರಿಂದ ಯಂತ್ರಕ್ಕೆ ತಿರುಗಲು ಎಡೆ ಸಿಕ್ಕಿತು, ಮೂಲೆಯ ಭತ್ತ ಕೆಸರಿಗೆ ತುಳಿದುಹೋಗುವುದೂ ತಪ್ಪಿತು. ಕೈಕೊಯ್ಲನ್ನು ಪೂರ್ತಿಯಾಗಿ ಬಿಟ್ಟುಬಿಡುವುದು ಯಂತ್ರದ ಕೊಯ್ಲಿಗೂ ಹಿತವಲ್ಲ ಎಂಬುದು ನನ್ನ ಅಭಿಪ್ರಾಯ.

ಅನಂತರದ ಅಳತೆಗಳು

ಒಂದು ಗಂಟೆಯ ಕೆಲಸದ ಬಳಿಕ, ತೊಳೆಯದೆ, ಎಡಬದಿಯನ್ನು ಎತ್ತಿ ಅಳೆದಾಗ 9 ಮಿಲಿಮೀಟರು ಬಂತು. ಕೈಪಿಡಿಯ 10ಕ್ಕಿಂತ ಒಂದು ಕಡಮೆ. ಆದರೆ ಗುಂಬ ಬೆಚ್ಚಗಿತ್ತೇ ಹೊರತು ಸುಡುತ್ತಿರಲಿಲ್ಲ, ಎಂಜಿನಿನ ಸದ್ದಿನಲ್ಲಿಯೂ ಅಡಗಿದ ಲಕ್ಷಣವಿರಲಿಲ್ಲ. ಕೆಸರನ್ನು ಕೊಕ್ಕೆಯಿಂದ ತೆಗೆದಾಗ ಅಂತರ 15ಕ್ಕೇ ಹಿಂತಿರುಗಿತು. ಕೆಸರಿದ್ದಾಗ ಮತ್ತು ಇಲ್ಲದಾಗ ಇರುವ ವ್ಯತ್ಯಾಸ ಮೊದಲು 32 ಇದ್ದದ್ದು ಈಗ 6ಕ್ಕೆ ಇಳಿದಿತ್ತು. ಬೋಲ್ಟಿಗಿಂತ ಹೆಚ್ಚಿನ ಕೆಲಸ ಮಾಡಿದ್ದು ಆ ತಗಡು. ಸಂಜೆ ಯಂತ್ರ ತೋಡನ್ನು ಮತ್ತೆ ದಾಟಿತು, ಆಚೆಯ ದಡದಲ್ಲಿ ತಿರುಗಿತು. ಬೆಲ್ಟ್ ತನ್ನ ಜಾಗದಲ್ಲಿಯೇ ಇತ್ತು. ಆ ಬೈಲಿನ ಕೊಯ್ಲು ಮುಗಿಯುವವರೆಗೆ ಅದು ಕಳಚಲಿಲ್ಲ.

ಅತಿಯಾಗಿ ಬಿಗಿದಿದ್ದ ಆ ಕೆಲವು ಗಂಟೆಗಳು ಗುರುತು ಬಿಡದೆ ಹೋಗಲಿಲ್ಲ. ಎಡ ಐಡ್ಲರಿನ ಎಣ್ಣೆ ತಡೆಯುವ ಸೀಲ್ ಒಂದು ಬದಿಯಲ್ಲಿ ಸೋರತೊಡಗಿತ್ತು. ಚಕ್ರದ ಬುಡದಲ್ಲಿ ಕೆಸರಿನ ಮೇಲೆ ಎಣ್ಣೆಯ ಕಪ್ಪು ಜಿಡ್ಡು ಕಂಡಿತು. ಸೀಲ್ ಸೋರಿದ ದಾರಿಯಿಂದಲೇ ಕೆಸರುನೀರು ಒಳಗೆ ಹೋಗುತ್ತದೆ, ಬೇರಿಂಗ್ ಕೆಡುತ್ತದೆ. ಅಲ್ಲಿನ ಕೆಲಸ ಮುಗಿದ ಕೂಡಲೇ ಸೀಲನ್ನೂ ಬೇರಿಂಗನ್ನೂ ಬದಲಾಯಿಸಬೇಕೆಂದು ಯಂತ್ರದ ಮಾಲಕರಿಗೆ ಫೋನಿನಲ್ಲಿ ತಿಳಿಸಿದೆ, ಅವರು ಒಪ್ಪಿದರು.

ಚಾಲಕನು ಹೊರಡುವ ಮೊದಲು ಮರದ ಎರಡು ತುಂಡುಗಳನ್ನು ಕೇಳಿ ಪಡೆದುಕೊಂಡನು: ಒಂದು 10 ಮಿಲಿಮೀಟರು ದಪ್ಪ, ಇನ್ನೊಂದು 15. ರೋಲರಿಗೂ ಬೆಲ್ಟಿಗೂ ನಡುವೆ ಮೊದಲನೆಯದು ಸಲೀಸಾಗಿ ಹೋಗಬೇಕು, ಎರಡನೆಯದು ತಡೆದು ಹೋಗಬೇಕು. ಅಳತೆಪಟ್ಟಿ ಕೆಸರಿನಲ್ಲಿ ಕಾಣದಿದ್ದಾಗಲೂ ಇದರಿಂದ ಅಳೆಯಬಹುದು. ಪಾಡಶೇಖರ ಸಮಿತಿಯವರು ಮುಂದಿನ ಸುಗ್ಗಿಗೆ ಯಂತ್ರ ಕರೆಸುವಾಗ ಗದ್ದೆಗಿಳಿಯುವ ಮೊದಲು ದಾರಿಯ ಬದಿಯ ಗಟ್ಟಿ ನೆಲದಲ್ಲಿಯೇ ಬೆಲ್ಟುಗಳನ್ನು ತೊಳೆದು, ಎತ್ತಿ, ಎರಡೂ ಬದಿಯ ಅಂತರವನ್ನು ಅಳೆದು ಬರೆದುಕೊಳ್ಳಬೇಕೆಂದು ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಅದಕ್ಕೆ ಬೇಕಾದ ಹಲಗೆ ಮತ್ತು ದಿಮ್ಮಿಗಳನ್ನು ಸಮಿತಿಯ ಶೆಡ್ಡಿನಲ್ಲಿ ಇರಿಸಲಾಗಿದೆ.